ಎಡಗೈಯಲ್ಲಿ ಉಂಡ ರಾಜಕುಮಾರ

ರಾಜಕುಮಾರ ಎಡಗೈಯಲ್ಲಿ ತುತ್ತು ಮಾಡಿ ಬಾಯಿಗೆ ಇಟ್ಟುಕೊಂಡದ್ದೇ ತಡ, ಶಿವಕಾಂತಮ್ಮ ಸೆರಗು ಝಾಡಿಸಿ ಎದ್ದು ನಿಂತರು.

"ಏಳ್ರಿ ಎಲ್ಲಾರೂ. ಇನ್ನೊಂದು ಗಳಿಗಿ ಇಲ್ಲಿ ಕುಂಡ್ರೂದು ಬ್ಯಾಡ."

ಪಕ್ಕದಲ್ಲಿದ್ದ ಸೊಸೆ ಜಯದೇವಿಯೂ ಎದ್ದಳು. ಇದು ಬರುತ್ತದೆಂದು ಅವಳಿಗೆ ಆಗಲೇ ವಾಸನೆ ಹತ್ತಿತ್ತು. ಬಯಸ್ಕೋಪಿನ ಆಟ ಸುರುವಾದಾಗಿನಿಂದ ಅವಳು ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಅತ್ತೆಯ ಮುಖದ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಮಂತ್ರಿ ಎಡಗೈಯಲ್ಲಿ ತಿಲಕ ಇಟ್ಟಾಗ ಅತ್ತೆಯ ಹುಬ್ಬು ಮೇಲೇರಿತ್ತು. ಗುಡಿಸಲಿನ ಮುದುಕಿ ಎಡಗೈಯಲ್ಲಿ ಬಡಿಸಿದಾಗ ತುಟಿ ಬಿಗಿದಿತ್ತು. ಈಗ ಊಟ.

"ರಾಜನ ಮಗ ಅಂತ, ರಾಜನ ಮಗ! ಕೈ ಮ್ಯಾಲ ಒಂದು ಹಾಕಾಕ ಅವಂಗ ತಾಯಿ ಇಲ್ಲೇನು?"

ಶಿವಕಾಂತಮ್ಮ ಎದ್ದರೆ ಓಣಿಯ ಹಳೆಯ ಮನೆತನಗಳ ಹೆಂಗಸರೆಲ್ಲ ಏಳಬೇಕು. ಎದ್ದರು. ಹೆಂಗಸರ ಬಾಗಿಲಲ್ಲಿ ಚೀಟಿ ಇಸಿದುಕೊಳ್ಳುತ್ತಿದ್ದ ಜುಬೇದಾ ಗಾಬರಿಯಾಗಿ ಅಡ್ಡ ಬಂದಳು. ಬಯಸ್ಕೋಪಿನ ಟೆಂಟು ಅವಳ ಗಂಡ ಕರೀಂಸಾಬನದು. ಊರಿನ ಮೋಮಿನಪುರ ಓಣಿಯ ಮನುಷ್ಯ, ಹೈದರಾಬಾದಿನಿಂದ ಮಿಷಿನ್ ತಂದು ಕೋಟೆಯ ಕೆಳಗಿನ ಬಯಲಿನಲ್ಲಿ ಟೆಂಟು ಹೊಡೆದಿದ್ದ.

"ಅಯ್ಯ ಶಿವಕಾಂತಮ್ಮೋರೆ, ಶಾದಿ ಇನ್ನಾ ಬಾಕಿ ಅದರಿ! ಶಾದಿ ನೋಡಿ ಹೋಗ್ರಿ!"

"ಶಾದಿ ಬ್ಯಾರೆ ಕೇಡು. ಕುಂಕುಮಾನೂ ಎಡಗೈಲೆ ಹಚ್ತಾನೇನು?"

ಜುಬೇದಾ ದಿನಾ ಆ ಬಾಗಿಲಲ್ಲೇ ನಿಂತು ಆಟ ನೋಡಿದವಳು. ಸ್ವಲ್ಪ ಯೋಚಿಸಿ, ಸುಳ್ಳು ಹೇಳಲಾರದೆ, "ಹೌದ್ರಿ," ಎಂದುಬಿಟ್ಟಳು.

ಶಿವಕಾಂತಮ್ಮ ಅವಳನ್ನು ದಾಟಿ ಹೊರನಡೆದರು.

ಮನೆಗೆ ಬಂದು ಕಾಲು ತೊಳೆಯುವಾಗಲೇ ಶಿವಕಾಂತಮ್ಮ ತೀರ್ಪು ಕೊಟ್ಟರು: "ನಮ್ಮ ಮನಿ ಹೆಣ್ಣಮಕ್ಕಳು ಇನ್ನ ಯಾವ ತಮಾಷಾಕ್ಕೂ ಹೋಗೂದಿಲ್ಲ. ಬಯಸ್ಕೋಪೂ ಇಲ್ಲ, ಬಾಗೂ ಇಲ್ಲ, ಕೋಟೀನೂ ಇಲ್ಲ."

ಜಯದೇವಿ ತಲೆ ಬಗ್ಗಿಸಿಕೊಂಡು ನೀರು ಹಾಕಿದಳು. ಒಂದು ಬಾಗಿಲು ಮುಚ್ಚಿದರೆ ಸಹಿಸಬಹುದಿತ್ತು; ಅತ್ತೆ ಒಂದೇ ಉಸಿರಿನಲ್ಲಿ ಊರಿನ ಬಾಗಿಲುಗಳನ್ನೆಲ್ಲ ಮುಚ್ಚಿಬಿಟ್ಟಿದ್ದರು.

ಅವಳು ಕಮಲಾಪುರದ ಹುಡುಗಿ. ಕಲಬುರ್ಗಿಗೆ ಕೊಟ್ಟಾರ ಅಂದಾಗ ಓರಗೆಯ ಗೆಳತಿಯರು ಹೊಟ್ಟೆಕಿಚ್ಚುಪಟ್ಟಿದ್ದರು. ಕೋಟೆ ನೋಡ್ತಿ, ಗುಂಡು ಹಾರಿಸೋ ತೋಪು ನೋಡ್ತಿ, ಬಾಗ್ ಅಂತ ಸರ್ಕಾರದ ಹೂದೋಟ ಅದ ಅಂತ, ಅಲ್ಲಿ ಕುಂತು ಚುರುಮುರಿ ತಿಂತಿ, ರೈಲು ನೋಡ್ತಿ. ಲಗ್ನವಾಗಿ ಮೂರು ದೀಪಾವಳಿ ಕಳೆದಿದ್ದವು. ಅವಳು ನೋಡಿದ್ದು ಮಾಳಿಗೆ, ಹಿತ್ತಲ ಬಾವಿ, ಮತ್ತು ತೊಗರಿ ವ್ಯಾಪಾರದ ಲೆಕ್ಕ ಹೇಳುತ್ತ ಊಟಕ್ಕೆ ಕೂರುವ ಗಂಡ ಕಲ್ಯಾಣಪ್ಪನನ್ನು. ಏನು ಕೇಳಿದರೂ ಅವನದು ಒಂದೇ ಮಾತು: "ಅವ್ವ ಹೂಂ ಅಂದ್ರ ನಂದೇನದ?"

ಅತ್ತೆ ಇದೇ ಊರಲ್ಲಿ ಹುಟ್ಟಿ, ಇದೇ ಊರಲ್ಲಿ ಲಗ್ನವಾಗಿ, ಇದೇ ಊರಲ್ಲಿ ಕೂದಲು ಬೆಳ್ಳಗಾದವರು. ಅವರಿಗೆ ಊರೆಂದರೆ ಅಡಿಗೆಮನೆ ಇದ್ದಂತೆ. ಅಡಿಗೆಮನೆಯನ್ನು ಯಾರಾದರೂ ನೋಡಲು ಹೋಗುತ್ತಾರೆಯೆ? "ಕೋಟಿ ಎಲ್ಲಿ ಓಡಿ ಹೋಗ್ತದ? ಅಲ್ಲೇ ಇರ್ತದ," ಎನ್ನುವರು. ಒಂದು ಸಲವಾದರೂ ಒಳಗೆ ಹೋಗಿದ್ದರೋ ಇಲ್ಲವೋ ಜಯದೇವಿಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಹೋಗಿಲ್ಲವೆಂದೇ ಅವಳ ಅನುಮಾನ.

ಗೋಡೆಯಾಚೆಯ ವಿಮಲಾಬಾಯಿಯದು ಬೇರೆ ಜಾತಕ. ಗಂಡನಿಗೆ ಬಟ್ಟೆ ಮಿಲ್ಲಿನಲ್ಲಿ ಕೆಲಸ ಸಿಕ್ಕು ಸೊಲ್ಲಾಪುರದಿಂದ ಬಂದವಳು. ಗಂಟುಮೂಟೆ ಬಿಚ್ಚುವ ಮೊದಲೇ ಅವಳು ಕೋಟೆ ಹತ್ತಿ ತೋಪಿನ ಬೆನ್ನು ತಟ್ಟಿ ಬಂದಿದ್ದಳು. ಬಾಗ್ ನೋಡಿದಳು, ಉರುಸಿನಲ್ಲಿ ಬಳೆ ಇಡಿಸಿಕೊಂಡಳು. ಎಲ್ಲಿಗೂ ಹೋಗುವುದಿಲ್ಲದಿದ್ದರೂ ಒಂದು ಸಂಜೆ ಸ್ಟೇಶನ್ನಿಗೆ ಹೋಗಿ ರೈಲು ನೋಡಿ ಬಂದಳು. ಮಾರನೆಯ ದಿನ ಎಲ್ಲವನ್ನೂ ಗೋಡೆಯ ಮೇಲಿಂದ ಜಯದೇವಿಗೆ ಬಡಿಸುತ್ತಿದ್ದಳು. ಶಿವಕಾಂತಮ್ಮ ಒಳಗಿನಿಂದ ಕೇಳಿಸಿಕೊಂಡು, "ಹೊಸಾ ಮಂದಿಗಿ ಮಾಡಾಕ ಕೆಲಸಿಲ್ಲ," ಎನ್ನುವರು. ಆದರೆ ಕೇಳಿಸಿಕೊಳ್ಳುವುದನ್ನು ಬಿಡುತ್ತಿರಲಿಲ್ಲ. ಅದನ್ನೂ ಜಯದೇವಿ ಗಮನಿಸಿದ್ದಳು.

ಬಯಸ್ಕೋಪಿಗೆ ಅಪ್ಪಣೆ ಸಿಗಲು ಅವಳು ಎಷ್ಟು ದಿನ ಕಾದಿದ್ದಳು! ಅತ್ತೆಯ ಮೊಣಕಾಲು ನೋಯದ ದಿನ ನೋಡಿ, ಸಾರು ಅವರ ಮನಸ್ಸಿಗೆ ಬಂದ ಹೊತ್ತು ನೋಡಿ, ಒಳ್ಳೆಯ ರಾಜಕುಮಾರನ ಕಥೆಯಂತೆ, ಹೆಂಗಸರಿಗೆ ಬಾಗಿಲು ಬೇರೆ, ಜಾಗ ಬೇರೆ, ಗಂಡಸರ ನೆರಳೂ ಬೀಳುವುದಿಲ್ಲವಂತೆ ಎಂದು ಒಂದೊಂದೇ ಮಾತು ಪೋಣಿಸಿ ಹೂಂ ಅನ್ನಿಸಿಕೊಂಡಿದ್ದಳು. ಆ ಹೂಂ ನಂಬಿ ಕಮಲಾಪುರಕ್ಕೆ ಹೇಳಿಯೂ ಕಳಿಸಿಬಿಟ್ಟಿದ್ದಳು: ಅವ್ವಾ, ಈ ಬೇಸ್ತವಾರ ಬಾ, ನಿನಗೂ ಬಯಸ್ಕೋಪು ತೋರಿಸುತ್ತೇನೆ. ತಾಯಿ ನೀಲಗಂಗಮ್ಮ ಬರುವವಳೇ. ಹೊಲ, ಮನೆ ಬಿಟ್ಟು ಅಲ್ಲಾಡದ ಹೆಂಗಸು ಮಗಳ ಮಾತಿಗೆ ಬಂಡಿ ಕಟ್ಟಿಸಿಕೊಂಡು ಬರುತ್ತಾಳೆ. ಬಂದವಳಿಗೆ ಏನು ಹೇಳುವುದು?

ಮರುದಿನ ಬೆಳಿಗ್ಗೆ ಕೆಲಸ ಇನ್ನಷ್ಟು ಕೆಟ್ಟಿತು. ವಿಮಲಾಬಾಯಿ ಶೇಂಗಾ ಚಟ್ನಿಯ ಬಟ್ಟಲು ಹಿಡಿದು ಬಂದಳು. ಸೊಲ್ಲಾಪುರದ ಚಟ್ನಿ, ಶಿವಕಾಂತಮ್ಮನವರಿಗೆ ಪಂಚಪ್ರಾಣ. ಆದರೆ ಆ ದಿನ ಅವರು ಬಟ್ಟಲನ್ನು ದೂರದಿಂದಲೇ ನೋಡಿದರು.

"ಯಾವ ಕೈಲೆ ಕುಟ್ಟೀದಿ?"

"ಎರಡೂ ಕೈಲೆರಿ. ಒನಕಿ ಒಂದೇ ಕೈಲೆ ಹ್ಯಾಂಗ ಎತ್ತಾಕ ಬರ್ತದ?"

"ಹಂಗಲ್ಲ. ನಿಮ್ಮ ಕಡಿ ಮಂದಿ ಎಡಗೈಲೆ ಉಣ್ತಾರಂತಲ್ಲ."

"ಅಗ ಬಾಯಿ! ಯಾರಂದ್ರು?"

"ಯಾರ ಯಾಕ ಅನ್ನಬೇಕು? ನಿನ್ನಿ ಬಯಸ್ಕೋಪಿನಾಗ ಕಣ್ಣಾರೆ ನೋಡೀನಿ. ಎಲ್ಲಾ ಅತ್ತಾಗಿನ ಮಂದಿನೇ ತಾನೆ ಅದರಾಗ? ಮುಂಬೈ, ಪುಣೆ, ನಿಮ್ಮ ಸೊಲ್ಲಾಪುರ."

ವಿಮಲಾಬಾಯಿಯೂ ಅದೇ ಆಟ ನೋಡಿದ್ದಳು, ಮಿಲ್ಲಿನವರ ಹೆಂಡಂದಿರ ಜೊತೆ, ಗಂಡಸರ ಕಡೆಯೇ ಒಂದು ಮಗ್ಗುಲಿಗೆ ಕೂತು. ಅವಳ ಮುಖ ಕೆಂಪಾಯಿತು. "ಬಲಗೈಲೆ ಉಂಡಾನರಿ. ಕೊನಿತನಕ ಕುಂತು ನೋಡೀನಿ."

"ಹಂಗಾದ್ರ ನಾ ಸುಳ್ಳ ಹೇಳ್ತೀನೇನು? ಜಯದೇವಿ, ನೀ ಹೇಳು. ಯಾವ ಕೈ?"

ಜಯದೇವಿ ಇಬ್ಬರ ಮುಖ ನೋಡಿದಳು. ಸುಳ್ಳಾಡಿ ಗೆಳತಿಯನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಕಂಡದ್ದು ಕಂಡಂತೆ ಕಣ್ಣ ಮುಂದಿತ್ತು. ಮೆಲ್ಲಗೆ, "ಎಡಗೈಲೇನ ಉಂಡಾನ," ಎಂದಳು.

ವಿಮಲಾಬಾಯಿ ಬಟ್ಟಲಿನ ಮೇಲೆ ಮುಚ್ಚಳ ಇಟ್ಟಳು. "ಆತು ಬಿಡು ಜಯಕ್ಕ. ಅತ್ತಿ ಹಾಡಿಗೆ ನೀ ತಾಳ ಹಾಕು," ಎಂದು ಹೊರಟೇ ಹೋದಳು.

ಆ ದಿನ ಗೋಡೆಯ ಮೇಲಿಂದ ಒಂದು ಮಾತೂ ಬರಲಿಲ್ಲ. ಜಯದೇವಿಯ ಕೈಯಲ್ಲಿ ರೊಟ್ಟಿ ಹರಿದವು, ಸಾರಿಗೆ ಉಪ್ಪು ಎರಡು ಸಲ ಬಿತ್ತು. ಬಯಸ್ಕೋಪು ಹೋದರೆ ಹೋಗಲಿ. ಊರಿನ ಸುದ್ದಿ ತರುತ್ತಿದ್ದ ಒಬ್ಬಳೂ ಹೋದಳಲ್ಲ.

ಬುಧವಾರ ವಿಮಲಾಬಾಯಿ ಗಂಡನ ಹೊಸ ಧೋತರ ಒಗೆದು ಎರಡು ಹಿತ್ತಲುಗಳ ನಡುವಿನ ಗಿಡ್ಡ ಗೋಡೆಯ ಮೇಲಿನ ಹಗ್ಗಕ್ಕೆ ಹಾಕಿದಳು. ಮಿಲ್ಲಿನ ಹೊಸ ಮಾಲು. ಅಂಚಿನಲ್ಲಿ ನೀಲಿ ಬಣ್ಣದ ಛಾಪಾ ಇನ್ನೂ ಹೋಗಿರಲಿಲ್ಲ. ಕುಡುಗೋಲು ಎತ್ತಿ ಹಿಡಿದ ಒಬ್ಬ ಒಕ್ಕಲಿಗನ ಚಿತ್ರ, ಗೇಣುದ್ದ. ಅರಿವೆ ತೊಯ್ದಿದ್ದರಿಂದ ಬಣ್ಣ ಈಚೆಗೂ ಇಳಿದು ಚೆನ್ನಾಗಿ ಕಾಣುತ್ತಿತ್ತು.

ಹೇಗಾದರೂ ಮಾತು ಸುರುಮಾಡಬೇಕಲ್ಲ. ಜಯದೇವಿ ಧೋತರದ ಈಚೆಯಿಂದ ಹೇಳಿದಳು: "ಛಾಪಾ ಭಾಳ ಚಂದ ಅದ ವಿಮಲಾಬಾಯಿ. ಎಡಗೈಯಾಗ ಕುಡುಗೋಲು ಹ್ಯಾಂಗ ಎತ್ತಿ ಹಿಡದಾನ ನೋಡು."

ಆಚೆಯಿಂದ ವಿಮಲಾಬಾಯಿ ಸಿಡಿದಳು. "ಮತ್ತ ಎಡಗೈ! ನಿಮ್ಮ ಮನಿಯವರ ಕಣ್ಣಿಗಿ ಬ್ಯಾರೆ ಕೈನೇ ಕಾಣ್ಸೂದಿಲ್ಲೇನು? ಬಲಗೈಯಾಗ ಅದ."

"ಇಲ್ಲವಾ, ಎಡಗೈ."

"ಬಲಗೈ ಅಂತೀನಿ! ನಿಂದರು, ಬಂದು ತೋರಸ್ತೀನಿ."

ವಿಮಲಾಬಾಯಿ ಧೋತರದ ಕೆಳಗೆ ತಲೆ ತೂರಿಸಿ ಗೋಡೆ ದಾಟಿ ಈಚೆ ಬಂದಳು. ಅದೇ ಹೊತ್ತಿಗೆ ಜಯದೇವಿ, ತಾನೇ ಹೋಗಿ ಸರಿಯಾಗಿ ನೋಡಿಬಿಡೋಣವೆಂದು, ಇನ್ನೊಂದು ತುದಿಯಿಂದ ನುಸುಳಿ ಆಚೆ ಹೋದಳು. ಈಗ ಧೋತರ ಮತ್ತೆ ನಡುವೆ.

"ಅಯ್ಯ, ಹೌದವಾ," ವಿಮಲಾಬಾಯಿಯ ದನಿ ಸಣ್ಣದಾಯಿತು. "ನೀ ಹೇಳಿದ್ದೇ ಖರೆ. ಎಡಗೈ."

"ಇಲ್ಲ ಬಿಡು," ಜಯದೇವಿಯೂ ಸೋತ ದನಿಯಲ್ಲಿ ಅಂದಳು. "ನೀ ಹೇಳಿದ್ದೇ ಖರೆ. ಬಲಗೈ."

ಮೊದಲು ವಿಮಲಾಬಾಯಿ ನಕ್ಕಳು. ಆಮೇಲೆ ಜಯದೇವಿ. ಹಗ್ಗ ಹಿಡಿದುಕೊಂಡು, ತೊಯ್ದ ಧೋತರಕ್ಕೆ ಮುಖ ಒತ್ತಿಕೊಂಡು ನಕ್ಕಳು; ಒಳಗೆ ಅತ್ತೆಗೆ ಕೇಳೀತೆಂದು ಬಾಯಿಗೆ ಅದೇ ಅರಿವೆ ತುರುಕಿಕೊಂಡಳು.

ನಗು ನಿಂತ ಮೇಲೆ ಅವಳ ಕಣ್ಣ ಮುಂದೆ ಟೆಂಟಿನ ಪರದೆ ಬಂತು. ಟೆಂಟಿನ ನಟ್ಟನಡುವೆ ಕಟ್ಟಿದ ಬಿಳಿ ಅರಿವೆ. ಆಟಕ್ಕೆ ಮೊದಲು ಕರೀಂಸಾಬ ಅದಕ್ಕೆ ಚೆನ್ನಾಗಿ ನೀರು ಚಿಮುಕಿಸಿದ್ದ. ಯಾಕೆಂದು ಅವಳು ಕೇಳಿರಲಿಲ್ಲ. ಈಗ ತಿಳಿಯಿತು: ಆಚೆಯ ಚಿತ್ರ ಈಚೆಗೂ ಇಳಿಯಲೆಂದು. ಆಚೆಗೆ ಮಿಷಿನ್ನು, ಗಂಡಸರು, ಊರಿಗೆ ಹೊಸದಾಗಿ ಬಂದವರ ಹೆಂಡಂದಿರು. ಈಚೆಗೆ, ಪರದೆಯ ಬೆನ್ನಿಗೆ, ಮರ್ಯಾದಸ್ಥ ಹಳೆಯ ಮನೆತನಗಳ ಹೆಂಗಸರು.

"ವಿಮಲಾಬಾಯಿ, ನಾವು ಹಿಂದ ಕುಂತಿದ್ವಿ!"

"ಹಿಂದ ಕುಂತು ನಮ್ಮ ಸೊಲ್ಲಾಪುರದವರಿಗೆಲ್ಲ ಎಡಗೈ ಹಚ್ಚಿದ್ರಿ," ಎಂದಳು ವಿಮಲಾಬಾಯಿ.

ತಿಳಿದದ್ದೇನೋ ತಿಳಿಯಿತು, ಅತ್ತೆಗೆ ತಿಳಿಸುವುದು ಹೇಗೆ? ಮಧ್ಯಾಹ್ನ ಬಿಸಿ ರೊಟ್ಟಿ ಬಡಿಸುತ್ತ ಜಯದೇವಿ ನಿಧಾನವಾಗಿ ತೆಗೆದಳು. "ಅತ್ತೀ, ಒಂದು ಧೋತರ ಒಣಹಾಕಿದ್ರ ಹಿಂದಿನಿಂದ ನೋಡೋರಿಗೆ..."

"ಹಿಂದಿನಿಂದ ಯಾರು ನೋಡ್ತಾರ?"

"ಅಲ್ಲರಿ, ಬಯಸ್ಕೋಪಿನಾಗ ನಾವು ಪರದೆ ಹಿಂದ..."

ಶಿವಕಾಂತಮ್ಮನವರ ಕೈ ರೊಟ್ಟಿಯ ಮೇಲೆಯೇ ನಿಂತಿತು. "ಹಿಂದ? ನಮ್ಮನ್ನ? ಈ ಮನೆತನದವರು ಮಠಕ್ಕ ಹೋಗಲಿ, ಲಗ್ನಕ್ಕ ಹೋಗಲಿ, ಎಂದಾದ್ರೂ ಹಿಂದ ಕುಂತಾರೇನು? ಎಲ್ಲಾರಿಗಿಂತ ಒಳಗಿನ ಜಾಗಾ ನಮಗ ಕೊಟ್ಟಾರ. ಹಿಂದ ಅಂತ, ಹಿಂದ!"

ಜಯದೇವಿ ಇನ್ನೊಂದು ರೊಟ್ಟಿ ಹಾಕಿ ಒಲೆಯ ಕಡೆ ತಿರುಗಿದಳು.

ಆದರೆ ವಿಮಲಾಬಾಯಿ ಸುಮ್ಮನೆ ಕೂರುವವಳಲ್ಲ. ಸೆರಗು ಹೊದ್ದು ನೇರ ಮೋಮಿನಪುರಕ್ಕೆ, ಜುಬೇದಾಳ ಮನೆಗೆ ಹೋದಳು. ಅಲ್ಲಿ ಕರೀಂಸಾಬ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಶಿವಕಾಂತಮ್ಮ ಎದ್ದು ಹೋದಾಗಿನಿಂದ ಪರದೆಯ ಹಿಂದಿನ ಜಾಗ ಖಾಲಿ ಹೊಡೆಯುತ್ತಿತ್ತು. ವಿಮಲಾಬಾಯಿ ಒಂದು ಉಪಾಯ ಮುಂದಿಟ್ಟಳು. ಒಂದು ಸಂಜೆ ಬರೀ ಹೆಂಗಸರ ಆಟ. ಗಂಡಸರು ಒಬ್ಬರೂ ಇರಬಾರದು. ಆಗ ಎಲ್ಲರೂ ಮುಂದೆ ಕೂರಬಹುದು.

"ಒಬ್ಬರೂ ಅಂದ್ರ? ಮಿಷಿನ್ ತಿರುವೋರು ಯಾರು?" ಎಂದ ಕರೀಂಸಾಬ. "ನಾನೂ ಗಂಡಸೇ ಅದೀನಿ."

ಜುಬೇದಾ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಅದಕ್ಕೇನು? ನಿಮ್ಮನ್ನ ಪರದಾದಾಗ ಇಡ್ತೀವಿ."

ಬೇಸ್ತವಾರ ಬಿಸಿಲು ಏರುವ ಹೊತ್ತಿಗೆ ಕಮಲಾಪುರದ ಬಂಡಿ ಬಾಗಿಲಿಗೆ ಬಂದು ನಿಂತಿತು. ನೀಲಗಂಗಮ್ಮ ಇಳಿದಳು. ಅವಳ ಹಿಂದೆ ಕಮಲಾಪುರದ ಕೆಂಪು ಬಾಳೆಯ ಗೊನೆಯೂ ಇಳಿಯಿತು. ಧೂಳು ತುಂಬಿದ ಮುಖದಲ್ಲಿ ಹಲ್ಲೆಲ್ಲ ಕಾಣುವಂತೆ ನಗುತ್ತ ಅವಳು ಹೊಸ್ತಿಲಲ್ಲೇ ಕೇಳಿದಳು: "ಎಲ್ಲಿ ಅದವಾ ಆ ಬಯಸ್ಕೋಪು?"

ಜಯದೇವಿ ಅತ್ತೆಯ ಮುಖ ನೋಡಿದಳು. ಶಿವಕಾಂತಮ್ಮ ನೀರು, ಬೆಲ್ಲ ಕೊಡಿಸಿ, ಕುಶಲ ಕೇಳಿ, ಆಮೇಲೆ ಗಂಭೀರವಾಗಿ ಹೇಳಿದರು: "ಬೀಗತಿ, ಅದು ನಮ್ಮಂಥೋರು ನೋಡೂದಲ್ಲ. ಅದರಾಗ ರಾಜನ ಮಗ ಎಡಗೈಲೆ ಉಣ್ತಾನ."

"ಎಡಗೈಲೆ?" ನೀಲಗಂಗಮ್ಮನ ಕಣ್ಣು ಅರಳಿದವು. "ಖರೆ ಹೇಳ್ರಿ?"

"ಈ ಕಣ್ಣಿಲೆ ನೋಡೀನಿ."

"ಹಂಗಾದ್ರ ನೋಡಾಕೇ ಬೇಕಲ್ಲರಿ! ಬಲಗೈಲೆ ಉಣ್ಣೋರನ್ನ ದಿನಾ ನೋಡ್ತೀನಿ. ಎಡಗೈಲೆ ಉಣ್ಣೋ ರಾಜನ ಮಗ ನಮಗ ಕಮಲಾಪುರದಾಗ ಎಲ್ಲಿ ಸಿಗ್ತಾನ? ಕತ್ತಲಿದ್ದಾಗ ಎದ್ದು ಬಂದೀನಿ ಬೀಗತಿ. ಅಂವ ಕಾಲಿಲೆ ಉಣ್ಣಲಿ, ನೋಡೇ ಹೋಗಾಕಿ."

ಶಿವಕಾಂತಮ್ಮ ಇಕ್ಕಟ್ಟಿಗೆ ಬಿದ್ದರು. ಮನೆಗೆ ಬಂದ ಬೀಗತಿಯನ್ನು ಮೋರೆ ಸಣ್ಣ ಮಾಡಿ ಕಳಿಸಿದರೆ ಕಮಲಾಪುರದಿಂದ ಮಹಾಗಾಂವದವರೆಗೆ ಮಾತಾಗುತ್ತದೆ. ಅದೇ ಹೊತ್ತಿಗೆ ಜುಬೇದಾ ಬಾಗಿಲಿಗೆ ಬಂದಳು. ಸಂಜೆ ಬರೀ ಹೆಂಗಸರ ಆಟ, ಗಂಡಸು ಪಿಳ್ಳೆಯೂ ಇರುವುದಿಲ್ಲ, ಶಿವಕಾಂತಮ್ಮನವರು ಬರದಿದ್ದರೆ ಓಣಿಯ ಯಾರೂ ಬರುವುದಿಲ್ಲ ಎಂದು ಒಂದೇ ಸಮನೆ ಬೇಡಿಕೊಂಡಳು. ಕೊನೆಯ ಮಾತು ನಾಟಿತು.

"ಬರ್ತೀನಿ," ಎಂದರು ಶಿವಕಾಂತಮ್ಮ. "ನೋಡಾಕ ಅಲ್ಲ. ಬೈಯಾಕ."

ದೀಪ ಹಚ್ಚುವ ಹೊತ್ತಿಗೆ ಟೆಂಟಿನ ಮುಂದೆ ಪರದೆ ಕಟ್ಟಿದ ಬಂಡಿಗಳು ಒಂದರ ಹಿಂದೊಂದು ಬಂದು ನಿಂತವು. ಮೋಮಿನಪುರದಿಂದ ಬುರ್ಖಾ ಹಾಕಿಕೊಂಡವರು ಬಂದು ಒಳಗೆ ಕಾಲಿಟ್ಟ ಕೂಡಲೆ ಅದನ್ನು ಮಡಚಿ ಕಂಕುಳಲ್ಲಿಟ್ಟರು. ಮಿಲ್ಲಿನ ಕಡೆಯವರು ಹಾಡು ಹೇಳುತ್ತ ನಡೆದೇ ಬಂದರು. ಹೈದರಾಬಾದಿನಿಂದ ಬದಲಿಯಾಗಿ ಬಂದ ಕಚೇರಿಯವರ ಹೆಂಡಂದಿರು ಅತ್ತರು ಘಮಘಮಿಸುತ್ತ ಟಾಂಗಾದಿಂದ ಇಳಿದರು. ಟೆಂಟಿನ ನಡುವೆ ಒಂದು ದೊಡ್ಡ ಜಮಖಾನೆಯನ್ನು ನಾಲ್ಕು ಕೋಲಿಗೆ ಸುತ್ತಿ ಕಟ್ಟಿದ್ದರು. ಅದರೊಳಗೆ ಮಿಷಿನ್ನು, ಮಿಷಿನ್ನಿನ ಜೊತೆ ಕರೀಂಸಾಬ. ಬೆಳಕು ಹಾಯಲು ಒಂದು ತೂತು ಬಿಟ್ಟಿತ್ತು, ಅಷ್ಟೆ.

"ಸೆಖಿ ಆಗಾಕತ್ತದ ಜುಬೇದಾ," ಎಂದು ಜಮಖಾನೆ ಗೊಣಗಿತು.

"ನಮಗ ದಿನಾ ಆಗ್ತದ," ಎಂದಳು ಜುಬೇದಾ. ಟೆಂಟಿಗೆ ಟೆಂಟೇ ನಕ್ಕಿತು.

ಶಿವಕಾಂತಮ್ಮ ರೂಢಿಯಂತೆ ನೇರ ಪರದೆಯ ಹಿಂದಕ್ಕೆ ನಡೆದರು. ಓಣಿಯ ಹೆಂಗಸರು ಅವರ ಬೆನ್ನಿಗೆ. ಜಯದೇವಿ ಹಿಂದೆಯೇ ಓಡಿದಳು. ತಡೆಯುವುದು ಹೇಗೆ? "ಅತ್ತೀ, ಇಲ್ಲಿ..." ಎನ್ನುವಷ್ಟರಲ್ಲಿ ನೀಲಗಂಗಮ್ಮ ಮುಂದಿನ ಸಾಲಿನ ನಟ್ಟನಡುವೆ, ವಿಮಲಾಬಾಯಿ ಹಾಸಿದ್ದ ಕೌದಿಯ ಮೇಲೆ, ಬಾಳೆಹಣ್ಣಿನ ಬುಟ್ಟಿ ಇಳಿಸಿ ದೊಪ್ಪೆಂದು ಕೂತುಬಿಟ್ಟಳು. "ನಂದು ಕಾಲು ನೋವು ಬೀಗತಿ, ಇನ್ನ ಅಲ್ಲಾಡಾಕಿಲ್ಲ. ಬರ್ರಿ ಇಲ್ಲೇ."

ಬೀಗತಿಯನ್ನು ಒಂಟಿ ಬಿಡುವ ಹಾಗಿಲ್ಲ. ಶಿವಕಾಂತಮ್ಮ ಕೌದಿಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿ, ಅದು ಒಗೆದದ್ದೆಂದು ಖಾತ್ರಿ ಮಾಡಿಕೊಂಡು, ಕೂತರು. ಓಣಿಯ ಉಳಿದವರು ಪರದೆಯ ಹಿಂದೆ ಹೋಗಿ ಕೂತರು.

ಆಟ ಸುರುವಾಯಿತು. ಮಾತಿಲ್ಲದ ಬಯಸ್ಕೋಪಿಗೆ ಕಥೆ ಹೇಳುವುದು ದಿನಾ ಕರೀಂಸಾಬನ ಕೆಲಸ. ಇವತ್ತು ಗಂಡಸಿನ ದನಿಯೂ ಕೂಡದೆಂದು ಜುಬೇದಾ ತಾನೇ ಪರದೆಯ ಪಕ್ಕ ನಿಂತಳು. ಆದರೆ ಅವಳು ಇಷ್ಟು ದಿನ ನೋಡಿದ್ದೆಲ್ಲ ಹಿಂದಿನ ಬಾಗಿಲಿಂದ.

"ಈಗ ನೋಡ್ರಿ, ಈ ಕಡಿಂದ ಸಿಪಾಯಿಗಳು ಬರ್ತಾರ!" ಎಂದು ಕೈ ತೋರಿಸಿದಳು. ಸಿಪಾಯಿಗಳು ಅವಳ ಬೆನ್ನ ಕಡೆಯಿಂದ ನುಗ್ಗಿದರು. "ಯಾ ಅಲ್ಲಾ!" ಎಂದು ಜುಬೇದಾ ನೆಲಕ್ಕೆ ಕೂತಳು.

ನಗು ಅಡಗುವಷ್ಟರಲ್ಲಿ ಗುಡಿಸಲು ಬಂತು. ಮುದುಕಿ ಬಂದಳು. ರಾಜಕುಮಾರ ತಾಟಿನ ಮುಂದೆ ಕೂತ. ಜಯದೇವಿ ಪರದೆ ನೋಡಲಿಲ್ಲ. ಅತ್ತೆಯನ್ನೇ ನೋಡಿದಳು.

ರಾಜಕುಮಾರ ಬಲಗೈಯಲ್ಲಿ ತುತ್ತು ಮಾಡಿ ಉಂಡ.

ಶಿವಕಾಂತಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಇನ್ನೊಂದು ತುತ್ತು. ಬಲಗೈ. ಅವರು ನಿಧಾನವಾಗಿ ತಲೆಯಾಡಿಸಿದರು. "ಹಾಂ. ಈಗ ಖರೆ ಆತು. ಒಂದು ಮಾತು ಬೈದಿದ್ದಕ್ಕ ಬುದ್ಧಿ ಬಂದದ."

"ಯಾರಿಗ್ರಿ?" ಎಂದಳು ವಿಮಲಾಬಾಯಿ, ತಡೆಯಲಾರದೆ.

"ಮಾಡಿದೋರಿಗೆ. ನಾ ಎದ್ದು ಬಂದ ಸುದ್ದಿ ಮುಂಬೈತನಕ ಹೋಗಿರ್ತದ. ತಿದ್ದಿ ಕಳಿಸ್ಯಾರ."

ಎಡಗೈ ನೋಡಲೆಂದೇ ಬಂದ ನೀಲಗಂಗಮ್ಮನಿಗೆ ಭಾರಿ ನಿರಾಸೆಯಾಯಿತು. "ಮತ್ತ ಎಡಗೈ ಎಲ್ಲಿ ಹೋತು?" ಎಂದು ಅರ್ಧ ತಿಂದ ಬಾಳೆಹಣ್ಣು ಹಿಡಿದು, ಕಾಲುನೋವು ಮರೆತು, ಎದ್ದು ಪರದೆ ಸುತ್ತಿ ಹಿಂದಕ್ಕೆ ಹೋದಳು. ಮರುಕ್ಷಣ ಅಲ್ಲಿಂದ ಕೂಗು. "ಬೀಗತೀ! ಇಲ್ಲಿ ಅದರಿ! ಇಲ್ಲಿ ಇನ್ನಾ ಎಡಗೈಲೇನ ಉಣ್ಣಾಕತ್ತಾನ!"

ಇಡೀ ಟೆಂಟು ಎದ್ದಿತು. ಮುಂದಿನವರು ಹಿಂದಕ್ಕೆ ಓಡಿದರು, ಹಿಂದಿನವರು ಮುಂದಕ್ಕೆ. ನಡುವೆ ಬುರ್ಖಾ, ಸೆರಗು, ಮಕ್ಕಳು, ಅತ್ತರು, ಬಾಳೆಹಣ್ಣು. ಅಷ್ಟರಲ್ಲಿ ಊಟ ಮುಗಿದು ರಾಜಕುಮಾರ ಕುದುರೆ ಹತ್ತಿದ್ದ. "ಹಿಂದಕ್ಕ ತಿರುವ್ರಿ!" ಎಂದು ಜುಬೇದಾ ಜಮಖಾನೆಗೆ ಗುದ್ದಿದಳು. ಕರೀಂಸಾಬ ಒಳಗಿನಿಂದ ಮಿಷಿನ್ನಿನ ಕೈ ಹಿಂದಕ್ಕೆ ತಿರುಗಿಸಿದ. ರಾಜಕುಮಾರ ಕುದುರೆಯಿಂದ ಹಿಮ್ಮುಖವಾಗಿ ಇಳಿದು, ಕೂತು, ಬಾಯಿಂದ ಒಂದೊಂದೇ ತುತ್ತು ತೆಗೆದು ತಾಟಿಗೆ ಇಡತೊಡಗಿದ.

"ಶಿವಶಿವಾ, ಎಂಜಲಾ!" ಎಂದು ಶಿವಕಾಂತಮ್ಮ ಚೀರಿದರು. ಆದರೆ ಈ ಸಲ ಎದ್ದದ್ದು ಮನೆಗೆ ಹೋಗಲು ಅಲ್ಲ.

ಅವರು ಪರದೆಯ ಅಂಚಿಗೆ ಹೋಗಿ ನಿಂತರು. ಆ ಜಾಗದಿಂದ ಎರಡೂ ಕಡೆ ಕಾಣುತ್ತಿತ್ತು. ಮಿಷಿನ್ನು ಮತ್ತೆ ಮುಂದಕ್ಕೆ ತಿರುಗಿತು. ರಾಜಕುಮಾರ ಮತ್ತೆ ಉಣ್ಣತೊಡಗಿದ. ಶಿವಕಾಂತಮ್ಮ ತಲೆಯನ್ನು ಆಚೆ ಹಾಕಿ ನೋಡಿದರು. ಈಚೆ ಹಾಕಿ ನೋಡಿದರು. ಮತ್ತೆ ಆಚೆ. ಜಯದೇವಿಗೆ ಅತ್ತೆಯ ಮುಖದ ಒಂದೊಂದು ಗೆರೆಯೂ ಪರಿಚಯ. ಆ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಸಿಟ್ಟು, ಆಮೇಲೆ ಹಿಂದೆಂದೂ ಕಾಣದಿದ್ದ ಎಂಥದೋ ಒಂದು ಸಣ್ಣ 'ಅಯ್ಯ' ಹಾದುಹೋದದ್ದನ್ನು ಅವಳು ಮಾತ್ರ ಕಂಡಳು. ಬೇರೆ ಯಾರಿಗೂ ಕಾಣದಿರಲೆಂದು ಬೇಕೆಂದೇ ಅತ್ತೆಯ ಮುಂದೆ ಅಡ್ಡ ನಿಂತಳು.

ಶಿವಕಾಂತಮ್ಮ ಸೊಸೆಯ ಭುಜ ಹಿಡಿದುಕೊಂಡು ಕಿವಿಯಲ್ಲಿ ಕೇಳಿದರು, "ನಿನ್ನಿ ಧೋತರ ಅಂತ ಹೇಳಾಕ ಬಂದಿದ್ದು ಇದನ್ನೇನು?"

"ಹೂಂ ಅತ್ತೀ."

"ಇನ್ನೊಂದೀಟು ಜೋರಾಗಿ ಹೇಳಬಾರದಿತ್ತೇನು?"

ಆಮೇಲೆ ಅವರು ಹಿಂದಕ್ಕೆ ತಿರುಗಿ, ಮದುವೆಮನೆಯಲ್ಲಿ ಪಂಕ್ತಿ ಎಬ್ಬಿಸುವ ದನಿಯಲ್ಲಿ ಕೂಗಿದರು: "ಏ, ಹಿಂದ ಕುಂತೋರೆಲ್ಲಾ ಮುಂದ ಬರ್ರಿ! ಎದ್ದ ಬರ್ರಿ! ಅಲ್ಲಿ ಇರೂದು ಬೆನ್ನು. ಮಾರಿ ಇಲ್ಲಿ ಅದ. ಕರೀಂಸಾಬ, ಸುರುವಿನಿಂದ ಹಚ್ಚು!"

"ಸುರುವಿನಿಂದ ಅಂದ್ರ ಮಿಷಿನ್ನಿನ ದೀಪಕ್ಕ ಎಣ್ಣಿ ಸಾಲದರಿ," ಎಂದಿತು ಜಮಖಾನೆ.

"ನಮ್ಮ ಮನಿಂದ ತರಸ್ತೀನಿ. ಹಚ್ಚು."

ಹಿಂದಿನವರೆಲ್ಲ ಬಂದರು. ಜಾಗ ಸಾಲಲಿಲ್ಲ. ಮೋಮಿನಪುರದ ಅಜ್ಜಿಯೊಬ್ಬರ ತೊಡೆಯ ಮೇಲೆ ಮಿಲ್ಲಿನವರ ಕೂಸು ಮಲಗಿತು. ಹೈದರಾಬಾದಿನ ಬೇಗಮರೊಬ್ಬರಿಗೆ ನೀಲಗಂಗಮ್ಮ ಬಾಳೆಹಣ್ಣು ಸುಲಿದು ಕೊಟ್ಟಳು; ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ರಾಜಕುಮಾರ ದಡ್ಡನೆಂಬ ವಿಷಯದಲ್ಲಿ ಇಬ್ಬರಿಗೂ ಒಂದೇ ಅಭಿಪ್ರಾಯವಿತ್ತು. ಮದುವೆಯ ದೃಶ್ಯ ಬಂದಾಗ ರಾಜಕುಮಾರ ಕುಂಕುಮಕ್ಕೆ ಕೈ ಹಾಕಿದ. ಯಾವ ಕೈ ಎಂದು ಇಡೀ ಟೆಂಟು ಒಟ್ಟಿಗೆ ಕೂಗಿ ಹೇಳಿತು. ಟೆಂಟಿನ ಹೊರಗೆ ಬಂಡಿ ಕಾಯುತ್ತಿದ್ದ ಗಂಡಸರು, ಒಳಗೆ ಏನಾಯಿತೋ ಎಂದು ಎದ್ದು ನಿಂತರಂತೆ.

ವಿಮಲಾಬಾಯಿಯನ್ನೂ ಕೂಡಿಸಿಕೊಂಡು ಬಂಡಿ ಮನೆಯ ಕಡೆ ಹೊರಟಿತು. ಜಯದೇವಿಗೆ ಮತ್ತೆ ಹೆದರಿಕೆ ಹತ್ತಿತು. ಇವತ್ತಿನ ಸಂತೋಷವೆಲ್ಲ ನಾಳೆ ಬೆಳಿಗ್ಗೆ ಲೆಕ್ಕಕ್ಕೆ ಬಂದರೆ? ಕೋಟೆಯ ಗೋಡೆ ಕತ್ತಲಲ್ಲಿ ಬಂಡಿಯ ಜೊತೆಗೇ ಸಾಗಿ ಬರುತ್ತಿತ್ತು. ಶಿವಕಾಂತಮ್ಮ ಬಂಡಿಯ ಪರದೆ ಸರಿಸಿ ಅದನ್ನು ನೋಡಿದರು.

"ವಿಮಲಾಬಾಯಿ, ಇದರ ಒಳಗ ಏನದ?"

"ತೋಪು ಅದರಿ. ಭಾಳ ಉದ್ದ. ಅದರ ಮ್ಯಾಲ ಕುಂತ್ರ ಊರೆಲ್ಲ ಕಾಣ್ತದ. ನೀವು ನೋಡಿಲ್ಲೇನ್ರಿ?"

ಜಯದೇವಿ ಕಣ್ಣು ಮುಚ್ಚಿಕೊಂಡಳು. ಈ ಪ್ರಶ್ನೆಯನ್ನು ಮೂರು ವರ್ಷ ಯಾರೂ ಕೇಳಿರಲಿಲ್ಲ.

"ಇಲ್ಲ," ಎಂದರು ಶಿವಕಾಂತಮ್ಮ. "ಹೊರಗಿನಿಂದ ನೋಡೀನಿ. ಹುಟ್ಟಿದಾಗಿಂದ ಹೊರಗಿನಿಂದ." ಆಮೇಲೆ ನಕ್ಕರು. ಬಂಡಿಯಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. "ಈ ಊರಾಗ ನಾ ಇನ್ನ ಏನೇನು ಹಿಂದಿನಿಂದ ನೋಡೀನೊ!"

"ನಾಳಿ ಶುಕ್ರವಾರರಿ," ವಿಮಲಾಬಾಯಿ ಬಿಡಲಿಲ್ಲ. "ಮುಂಜಾನಿ ಬಾಗಿನಾಗ ಬರೀ ಹೆಣ್ಣಮಕ್ಕಳನ್ನ ಬಿಡ್ತಾರ."

"ನಾ ನಾಳಿ ಊರಿಗಿ ಹೋಗಬೇಕು," ಎಂದಳು ನೀಲಗಂಗಮ್ಮ.

"ಸುಮ್ನ ಕುಂಡ್ರಿ ಬೀಗತಿ," ಎಂದರು ಶಿವಕಾಂತಮ್ಮ. "ಊರು ಎಲ್ಲಿ ಓಡಿ ಹೋಗ್ತದ?"

ಬೆಳಿಗ್ಗೆ ಜಯದೇವಿ ಎದ್ದು ನೋಡಿದರೆ ಅತ್ತೆಯ ಹಾಸಿಗೆ ಮಡಚಿತ್ತು. ಒಲೆ ಹಚ್ಚಿರಲಿಲ್ಲ. ಗಾಬರಿಯಾಗಿ ಹೊರಗೆ ಬಂದಳು. ಇಳಕಲ್ ಸೀರೆ ಉಟ್ಟು, ಮುಡಿಗೆ ಹೂವಿಟ್ಟು, ಶಿವಕಾಂತಮ್ಮ ವಿಮಲಾಬಾಯಿಯ ಬಾಗಿಲು ಬಡಿಯುತ್ತಿದ್ದರು.

"ಏ ಸೊಲ್ಲಾಪುರ! ಇನ್ನಾ ಮಲಗೀದೇನು? ಹೊತ್ತೇರಿದ್ರ ಚೊಲೋ ಜಾಗಾ ಎಲ್ಲಾ ಹೊಸಾ ಮಂದಿ ಹಿಡಕೊಂಡಬಿಡ್ತಾರ!" ಸೊಸೆಯನ್ನು ಕಂಡು ಹುಬ್ಬು ಗಂಟಿಕ್ಕಿದರು. "ನೀ ಏನು ನೋಡ್ಕೋತ ನಿಂತಿ? ಅವ್ವನ್ನ ಎಬ್ಬಸು. ಚುರುಮುರಿಗೆ ಒಗ್ಗರಣಿ ಹಾಕು."

"ಅವರಿಗಿ ಊಟ?" ಎಂದಳು ಜಯದೇವಿ, ಒಳಗೆ ಮಲಗಿದ್ದ ಕಲ್ಯಾಣಪ್ಪನ ಕಡೆ ನೋಡಿ.

"ನಿನ್ನಿ ರೊಟ್ಟಿ ಅದಾವ. ಒಂದಿನ ತಾನೇ ಹಾಕ್ಕೊಂಡು ಉಣ್ಣಲಿ. ಯಾವ ಕೈಲೆ ಉಂಡ್ರೂ ಇವತ್ತ ನಾ ಕೇಳಾಕಿಲ್ಲ."

ಜಯದೇವಿ ನಗುತ್ತ ಒಳಗೆ ಓಡಿದಳು.